ಗುರುವಾರ ಬರುವವರ ಪಟ್ಟಿ

ಮಾಡಿದ್ದುಣ್ಣೋ ಮಹರಾಯ ಅನ್ನುವ ಗಾದೆ ಡ್ಯಾಂಡೆನಾಂಗಿನ ನಮ್ಮ ಬೀದಿಗೆ ಬರುವಷ್ಟರಲ್ಲಿ ಹೀಗಾಯಿತು: ಮಾಡಿದ್ದು ಮಹರಾಯ, ಉಂಡದ್ದು ಜೇವರ್ ಖಾಲಾ. ಮಹರಾಯ ನಾನೇ. ಹೇಳುವುದೆಲ್ಲ ನಡೆದದ್ದು. ಸುಳ್ಳು ಹೇಳಬೇಕಾದಾಗ ನಾನು ಬೇರೆಯವರ ದನಿಯಲ್ಲಿ ಹೇಳುತ್ತೇನೆ. ಇದು ನನ್ನ ದನಿ.

ನನ್ನ ಹೆಸರು ಇಸ್ಹಾಕ್. ಅಫ್ಘಾನಿಸ್ತಾನದ ಘಜನಿ ಕಡೆಯ ಹಜಾರಾ ಜನಾಂಗದವನು. ಏಳು ವರ್ಷದವನಿದ್ದಾಗ ಮೆಲ್ಬರ್ನ್‌ಗೆ ಬಂದೆ. ಕಾಗದದ ಪ್ರಕಾರ ಹುಟ್ಟಿದ್ದು ಜನವರಿ ಒಂದು. ನಮ್ಮ ಅಮ್ಮ ಹುಟ್ಟಿದ್ದೂ ಜನವರಿ ಒಂದು. ನಮ್ಮ ಬೀದಿಯ ಎಡಗಡೆಯ ಹನ್ನೊಂದು ಮನೆಯವರು ಹುಟ್ಟಿದ್ದೂ ಜನವರಿ ಒಂದು. ಹುಟ್ಟಿದ ದಿನ ಬರೆದಿಡುವ ರೂಢಿ ನಮ್ಮೂರಲ್ಲಿರಲಿಲ್ಲ. ಖಾಲಿ ಜಾಗ ಬಿಡುವ ರೂಢಿ ಇಲ್ಲಿನ ಕಚೇರಿಗಿರಲಿಲ್ಲ. ಇಡೀ ಬೀದಿ ಒಂದೇ ಹೆರಿಗೆಯಲ್ಲಿ ಹುಟ್ಟಿಬಿಟ್ಟಿತು.

ಯೂನಿವರ್ಸಿಟಿಯಲ್ಲಿ ಭಾಷೆ ಓದಿ ದುಭಾಷಿಯಾದೆ. ಎರಡು ನಾಲಗೆ ಇರುವ ಇನ್ನೊಂದು ಪ್ರಾಣಿ ಹಾವು. ನನ್ನದು ಫೋನಿನ ಕೆಲಸ. ಆಸ್ಪತ್ರೆ, ಕೋರ್ಟು, ಶಾಲೆ, ಯಾರಿಗೆ ನಮ್ಮ ಹಜಾರಗಿ, ಅಂದರೆ ನಮ್ಮ ಹಳ್ಳಿಯ ಪಾರಸಿ, ಬೇಕೋ ಅವರು ಕರೆ ಮಾಡುತ್ತಾರೆ. ನಾನು ಹೆಸರು ಹೇಳುವಂತಿಲ್ಲ, ನಂಬರು ಹೇಳಬೇಕು. ಅವರು ‘ನಾನು’ ಅಂದರೆ ನಾನೂ ‘ನಾನು’ ಅನ್ನಬೇಕು. ನನಗೆ ಎದೆನೋವು. ನಾನು ಏಳು ತಿಂಗಳ ಬಸುರಿ. ನನ್ನ ಗಂಡ ನನಗೆ ಹೊಡೆದ. ಎಲ್ಲ ಒಂದೇ ದಿನ, ಒಂದೇ ಬಾಯಿ. ನಿಯಮ ಮೂರು: ಸೇರಿಸಬಾರದು, ಬಿಡಬಾರದು, ವಿವರಿಸಬಾರದು.

ಹಗಲೆಲ್ಲ ಬೇರೆಯವರ ಮಾತನ್ನು ನನ್ನ ದನಿಯಲ್ಲಿ ಆಡಿದವನಿಗೆ ಸಂಜೆ ನನ್ನ ಮಾತನ್ನು ಬೇರೆಯವರ ದನಿಯಲ್ಲಿ ಆಡುವ ಚಟ. ಮದುವೆ ಮನೆಯಲ್ಲಿ, ಚಹಾ ಅಂಗಡಿಯಲ್ಲಿ ನನ್ನನ್ನು ಸುತ್ತ ಕೂರಿಸಿಕೊಂಡು ಕೇಳುತ್ತಿದ್ದರು. ಮೂಗಿನಲ್ಲಿ ಮಾತಾಡುವ ಸರ್ಕಾರಿ ಅಧಿಕಾರಿ ನನ್ನ ಮೊದಲನೆಯ ಐಟಂ. ಎರಡನೆಯದು ಇರಾನಿನ ದುಭಾಷಿ ಹೆಂಗಸು. ನಮ್ಮ ಭಾಷೆಯವರು ಸಾಲದಾಗ ಏಜೆನ್ಸಿಯವರು ಇರಾನಿನವರನ್ನು ಕೊಡುತ್ತಾರೆ. ಅವರದು ಪುಸ್ತಕದ ಪಾರಸಿ. ನಮ್ಮವರು ಹೊಟ್ಟೆನೋವು ಅಂದರೆ ಅವರು ಉದರಬಾಧೆ ಅನ್ನುತ್ತಾರೆ. ಅದು ಕೇಳಿ ಇನ್ನೊಂದು ಸಲ ಹೊಟ್ಟೆನೋವು ಬರುತ್ತದೆ.

ಜೇವರ್ ಖಾಲಾ ನಮ್ಮಿಂದ ಎರಡನೇ ಮನೆ. ರಕ್ತಸಂಬಂಧ ಇಲ್ಲ. ಅಮ್ಮನ ಜೊತೆ ಬೆಳೆದವಳು, ಹಾಗಾಗಿ ಖಾಲಾ, ಚಿಕ್ಕಮ್ಮ. ಹದಿನಾಲ್ಕು ವರ್ಷ ಕೋಳಿ ಫ್ಯಾಕ್ಟರಿಯಲ್ಲಿ ತೊಡೆಯ ಮೂಳೆ ಬಿಡಿಸಿದಳು. ಒಳಗೆ ಆರು ಡಿಗ್ರಿ. ಎಡಗೈಗೆ ಉಕ್ಕಿನ ಬಲೆಯ ಗವಸು, ಬಲಗೈಯಲ್ಲಿ ಚಾಕು. ಬೆಲ್ಟ್ ಬರುತ್ತಲೇ ಇರುತ್ತದೆ. ನಿಮಿಷಕ್ಕೆ ಹನ್ನೊಂದು ತೊಡೆ. ಒಂದಕ್ಕೆ ಹೋಗಬೇಕಾದರೆ ಕೈ ಎತ್ತಬೇಕು. ಮೇಲ್ವಿಚಾರಕ ನೋಡಿದರೆ ಹೋಗಬಹುದು, ನೋಡದಿದ್ದರೆ ಎತ್ತಿದ ಕೈ ಇಳಿಸಿ ಮೂಳೆ ಬಿಡಿಸಬೇಕು. ನಮಾಜಿಗೆ ನಾಲ್ಕು ನಿಮಿಷ, ಅದನ್ನು ಅವನು ಮೊಬೈಲಿನಲ್ಲಿ ಅಳೆಯುತ್ತಿದ್ದ. ಅವಳ ಬಲಗೈ ಹೆಬ್ಬೆರಳು ಈಗ ಮಡಚುವುದಿಲ್ಲ.

ಅವಳ ಮಗ ಇವಾಜ್. ಖಾಲಾ ಮತ್ತು ಅವಳ ಗಂಡನಿಗೆ ವೀಸಾ ಸಿಕ್ಕಿತು. ಮಗನಿಗೆ ಸಿಗಲಿಲ್ಲ, ಹದಿನೆಂಟು ತುಂಬಿದೆ ಎಂದರು. ಅವನು ಹುಟ್ಟಿದ್ದು ಚಳಿ ಕಳೆದು ಸೇಬಿನ ಮರ ಹೂ ಬಿಟ್ಟಾಗ. ಕಾಗದದಲ್ಲಿ ಜನವರಿ ಒಂದು. ಆ ಮೂರು ತಿಂಗಳ ವ್ಯತ್ಯಾಸಕ್ಕೆ ಹುಡುಗ ದೊಡ್ಡವನಾಗಿಬಿಟ್ಟ. ಅವನು ಇಲ್ಲಿಗೆ ಬರಲು ಜಾವಾದಿಂದ ದೋಣಿ ಹತ್ತಿದ. ಹನ್ನೆರಡು ವರ್ಷವಾಯಿತು. ದೋಣಿಯೂ ಸಿಗಲಿಲ್ಲ, ಹೆಣವೂ ಸಿಗಲಿಲ್ಲ. ಗಂಡ ಅದೇ ಕೊರಗಿನಲ್ಲಿ ಹೋದ.

ನಮ್ಮಲ್ಲಿ ಗುರುವಾರ ಸಂಜೆ ಸತ್ತವರು ಮನೆಗೆ ಬರುತ್ತಾರೆ. ಬಾಗಿಲಲ್ಲಿ ನಿಲ್ಲುತ್ತಾರೆ. ತಿನ್ನಲು ಬಾಯಿಲ್ಲ, ವಾಸನೆ ತೆಗೆದುಕೊಳ್ಳುತ್ತಾರೆ. ಅದಕ್ಕೆ ಎಣ್ಣೆ ಕಾಯಿಸಿ ಬೋಸ್ರಾಗ್ ಕರಿಯುತ್ತೇವೆ, ಸಿಹಿ ಹಿಟ್ಟಿನ ದಪ್ಪ ಬಿಲ್ಲೆ. ವಾಸನೆ ಅವರಿಗೆ, ಬಿಲ್ಲೆ ಅಕ್ಕಪಕ್ಕದವರಿಗೆ. ನಮ್ಮ ಬೀದಿಯ ಎಲ್ಲ ಮನೆಯಲ್ಲೂ ಕರಿಯುತ್ತಾರೆ. ಗೋರಿ ಇದ್ದವರು ಗೋರಿಗೂ ಹೋಗುತ್ತಾರೆ. ಇವಾಜನಿಗೆ ಇರುವುದು ಗುರುವಾರದ ಬಾಣಲೆ ಒಂದೇ.

ಹೋದ ವರ್ಷ ಜೂನ್‌ನಲ್ಲಿ ಖಾಲಾ ಬೆಲ್ಟಿನ ಮುಂದೆ ನಿಂತಲ್ಲೇ ನಿಂತುಬಿಟ್ಟಳು. ಚಾಕು ಕೈಯಲ್ಲಿದೆ, ತೊಡೆಗಳು ಹೋಗುತ್ತಿವೆ, ಇವಳು ಅಳುತ್ತಿದ್ದಾಳೆ. ಒಂದೂವರೆ ನಿಮಿಷ. ಮೇಲ್ವಿಚಾರಕ ಅದನ್ನೂ ಅಳೆದಿದ್ದ. ಡಾಕ್ಟರ ಚೀಟಿ ತರುವವರೆಗೆ ಬರಬೇಡ ಎಂದು ಕಳಿಸಿದರು. ಬಡಾವಣೆಯ ಡಾಕ್ಟರು ಹತ್ತು ಪ್ರಶ್ನೆಯ ಹಾಳೆ ಕೊಟ್ಟರು. ಕಳೆದ ನಾಲ್ಕು ವಾರಗಳಲ್ಲಿ ಎಷ್ಟು ಸಲ ನಿಮಗೆ ಯಾವ ಆಸೆಯೂ ಇಲ್ಲ ಅನಿಸಿತು? ಯಾವತ್ತೂ ಇಲ್ಲ, ಸ್ವಲ್ಪ ಸಲ, ಕೆಲವು ಸಲ, ಹೆಚ್ಚು ಸಲ, ಯಾವಾಗಲೂ. ಖಾಲಾ ಹತ್ತಕ್ಕೂ ಅಲ್‌ಹಮ್ದುಲಿಲ್ಲಾ, ದೇವರ ದಯೆ ಎಂದಳು. ಆ ಉತ್ತರಕ್ಕೆ ಹಾಳೆಯಲ್ಲಿ ಚೌಕವಿರಲಿಲ್ಲ. ಅವಳನ್ನು ಮನೋವೈದ್ಯರ ಕ್ಲಿನಿಕ್ಕಿಗೆ ಬರೆದುಕೊಟ್ಟರು. ಬುಧವಾರ ಬೆಳಿಗ್ಗೆ ಹತ್ತಕ್ಕೆ.

ಮಂಗಳವಾರ ಸಂಜೆ ಚಹಾ ಅಂಗಡಿಯಲ್ಲಿ ನಾನು ಗೆಳೆಯರ ಮುಂದೆ ರಂಗೇರಿದ್ದೆ. ಯಾರೋ ಖಾಲಾಗೆ ಒಂದು ಫೋನ್ ಹಚ್ಚು ಅಂದರು. ನಂಬರು ಮುಚ್ಚಿ ಹಚ್ಚಿದೆ. ಮೊದಲು ಮೂಗಿನ ಅಧಿಕಾರಿಯಾಗಿ ಇಂಗ್ಲಿಷಿನಲ್ಲಿ ಎರಡು ಮಾತು. ಆಮೇಲೆ ಇರಾನಿನ ಹೆಂಗಸಾದೆ.

“ಸಲಾಂ, ಗೌರವಾನ್ವಿತ ಮಾತೆಯವರೇ. ಸರ್ಕಾರದ ಅಧಿಕಾರಿಗಳು ದೂರವಾಣಿಯಲ್ಲಿದ್ದಾರೆ. ಗುರುವಾರದಂದು ತಮ್ಮ ಗೃಹಕ್ಕೆ ಆಗಮಿಸುವ ಮೃತ ಬಂಧುಗಳ ವಿವರವನ್ನು ಅಪೇಕ್ಷಿಸುತ್ತಿದ್ದಾರೆ.”

“ಯಾವ ಬಂಧುಗಳು?”

“ಮೃತರು. ತೀರಿಕೊಂಡವರು.”

ಈಗ ಬೈಯುತ್ತಾಳೆ, ಇಸ್ಹಾಕ್ ನಿನ್ನ ಬಾಯಿಗೆ ಮಣ್ಣು ಹಾಕ ಅನ್ನುತ್ತಾಳೆ, ಎಲ್ಲರೂ ನಗುತ್ತೇವೆ, ಮುಗಿಯಿತು ಅಂದುಕೊಂಡೆ.

“ಎಲ್ರುದೂ ಬೇಕಾ, ನಮ್ಮನೆಯವರದು ಮಾತ್ರ ಸಾಕಾ?” ಅಂದಳು.

ಗೆಳೆಯರು ಬಾಯಿಗೆ ಟೋಪಿ ತುರುಕಿಕೊಂಡರು. ನಾನು ಬಿಡಲಿಲ್ಲ.

“ಸಕಲರದೂ. ನಾಮಧೇಯ, ಸಂಬಂಧ, ನಿರ್ಗಮಿಸಿದ ದಿನಾಂಕ, ಪ್ರಿಯವಾದ ಖಾದ್ಯ.”

“ತಿನ್ನೋದೂ ಕೇಳ್ತಿದಾರಾ?”

“ಕೇಳುತ್ತಿದ್ದಾರೆ.”

“ತಡಿಯಮ್ಮ, ಕೂತ್ಕೋತೀನಿ.” ಕುರ್ಚಿ ಎಳೆದ ಸದ್ದು. “ಬರ್ಕೋ. ಇವಾಜ್. ನನ್ನ ಮಗ. ಹುಟ್ಟಿದ್ದು ಸೇಬಿನ ಹೂವಿನ ಕಾಲದಲ್ಲಿ, ಜನವರಿ ಒಂದು ಅಲ್ಲ. ಅದನ್ನ ಸರಿಯಾಗಿ ಹಾಕ್ಕೊಳ್ಳಕ್ಕೆ ಹೇಳಮ್ಮ. ಬೋಸ್ರಾಗ್ ಅಂದ್ರೆ ಪ್ರಾಣ. ಅಂಚು ಸ್ವಲ್ಪ ಕಪ್ಪಗಾಗಿರ್ಬೇಕು. ಬೆಳ್ಳಗಿದ್ರೆ ಮುಟ್ಟಲ್ಲ.”

ಬೇಗ ಮುಗಿಸಬೇಕೆನಿಸಿತು. “ಪಟ್ಟಿಯನ್ನು ಬರೆದು ಸಲ್ಲಿಸತಕ್ಕದ್ದು” ಅಂದೆ.

“ಎಲ್ಲಿಗೆ ಕೊಡ್ಲಿ? ನಾಳೆ ಡಾಕ್ಟ್ರ ಹತ್ರ ಹೋಗ್ತಿದೀನಿ, ಅಲ್ಲೇ ಕೊಡ್ಲಾ?”

“ಹಾಗೆಯೇ ಆಗಲಿ.”

“ನಿನ್ನ ಬಾಯಿಗೆ ಸಕ್ಕರೆ ಬೀಳ, ತಾಯಿ. ಹನ್ನೆರಡು ವರ್ಷಕ್ಕೆ ಇವತ್ತು ಒಬ್ರು ಅವನ ಹೆಸ್ರು ಕೇಳಿದ್ರು.”

ಗೆಳೆಯರು ನೆಲಕ್ಕೆ ಬಿದ್ದು ನಕ್ಕರು. ನಾನೂ ನಕ್ಕೆ. ಅದನ್ನು ಮುಚ್ಚಿಡುವುದಿಲ್ಲ.

ಅವಳು ಹೇಗೆ ನಂಬಿದಳು ಎಂದು ಕೇಳಬೇಡಿ. ಇಲ್ಲಿನ ಕಚೇರಿಗಳು ಅವಳನ್ನು ಏನೇನು ಕೇಳಿಲ್ಲ? ನಿನ್ನ ಅಪ್ಪ ಸತ್ತದ್ದಕ್ಕೆ ಸಾಕ್ಷಿ ಕೊಡು. ನಿನ್ನ ಅಣ್ಣನನ್ನು ಕೊಂದವರ ವಿಳಾಸ ಕೊಡು. ಊರಿನಲ್ಲಿ ನಿಮ್ಮ ಮನೆಗೆ ಎಷ್ಟು ಬಾಗಿಲು, ನೀನು ನಾಲ್ಕು ಅಂದೆ, ನಿನ್ನ ಗಂಡ ಮೂರು ಅಂದಿದ್ದಾನೆ, ಯಾರು ಸುಳ್ಳು? ಅದೆಲ್ಲ ಕೇಳಿದ ಸರ್ಕಾರ ಗುರುವಾರ ಯಾರು ಬರುತ್ತಾರೆ ಅಂತ ಕೇಳಿದರೆ ಅದರಲ್ಲಿ ಏನು ವಿಚಿತ್ರ?

ಮನೆಗೆ ಬಂದೆ. ಅಡುಗೆಮನೆಯಲ್ಲಿ ಬೀದಿಯ ಹೆಂಗಸರೆಲ್ಲ ಸೇರಿದ್ದರು. ನಮ್ಮ ಅಮ್ಮ ಕನ್ನಡಕ ಹಾಕಿಕೊಂಡು ಖಾಲಾಳ ಪಟ್ಟಿ ಬರೆಯುತ್ತಿದ್ದಳು. ಬೀದಿಯಲ್ಲಿ ದುಂಡಗೆ ಬರೆಯುವವಳು ಅವಳೊಬ್ಬಳೇ.

“ಜೇವರ್ ಒಬ್ಬಳದೇ ಯಾಕೆ, ನಮ್ಮವರನ್ನೂ ಹಾಕು” ಅಂದಳು ಒಬ್ಬಳು. “ಆಮೇಲೆ ಅವರಿಗೆ ಮಾತ್ರ ಕೊಟ್ರು ನಮಗಿಲ್ಲ ಅಂತಾಗತ್ತೆ.”

“ಏನು ಕೊಡ್ತಾರೆ ಸತ್ತವರಿಗೆ?”

“ಯಾರಿಗ್ಗೊತ್ತು. ಪಟ್ಟಿಯಲ್ಲಿ ಹೆಸರಿದ್ರೆ ಒಳ್ಳೇದು.”

“ನನ್ನ ಮಾವನ್ನ ಹಾಕ್ಬೇಡ. ಬದುಕಿದ್ದಾಗ್ಲೇ ಕರೀದೆ ಬರ್ತಿದ್ದ.”

ನಲವತ್ಮೂರು ಹೆಸರಾಯಿತು. ಖಾಲಾಳ ಕಡೆಯವು ಹನ್ನೊಂದು. ನಮ್ಮ ಅಮ್ಮನವು ಒಂಬತ್ತು, ಅದರಲ್ಲಿ ನನ್ನ ಅಪ್ಪನೂ ಇದ್ದ. ಆಗಲೇ ಹೇಳಬೇಕಿತ್ತು. ನಾಳೆ ಹೇಳಿದರಾಯಿತು ಎಂದು ರೂಮಿಗೆ ಹೋದೆ.

ಬುಧವಾರ ಹತ್ತಕ್ಕೆ ಕರೆ ಬಂತು. ನಂಬರು ಹೇಳಿದೆ. ಆ ಕಡೆ ಒಬ್ಬ ಮನೋವೈದ್ಯರು, ಡಾಕ್ಟರ್ ವಿನ್‌ಫೀಲ್ಡ್. ಪಕ್ಕದಲ್ಲಿ ರೋಗಿ. ರೋಗಿ ಕೆಮ್ಮಿದಳು. ಕೆಮ್ಮಿನಲ್ಲೇ ಗೊತ್ತಾಯಿತು. ನಮ್ಮ ಭಾಷೆಗೆ ಇರುವುದೇ ಬೆರಳೆಣಿಕೆಯ ದುಭಾಷಿಗಳು. ಪರಿಚಯದವರಾದರೆ ಲೈನು ಬಿಡಬೇಕೆಂಬುದು ನಿಯಮ. ನಾನು ಬಿಡಲಿಲ್ಲ. ಏನಾಗುತ್ತದೋ ಕೇಳಬೇಕಿತ್ತು. ಕೆಲಸದ ದನಿಯಲ್ಲಿ, ಸಪ್ಪೆಯಾಗಿ ಮಾತಾಡಿದೆ. ಅವಳಿಗೆ ಗುರುತು ಸಿಗಲಿಲ್ಲ.

“ಈ ಪಟ್ಟಿಯಲ್ಲಿರೋರು ಯಾರು?” ಡಾಕ್ಟರು.

“ನಮ್ಮ ಸತ್ತವರು, ಗುರುವಾರ ಬರೋರು.”

“ನಿಮಗೆ ಕಾಣ್ತಾರಾ?”

“ಕಾಣೋಕೆ ಏನಿದೆ? ಬರ್ತಾರೆ, ವಾಸನೆ ತಗೋತಾರೆ, ಹೋಗ್ತಾರೆ.”

“ಏನಾದರೂ ಮಾಡು ಅಂತ ಹೇಳ್ತಾರಾ? ಯಾರಿಗಾದರೂ ತೊಂದರೆ ಕೊಡು ಅಂತ?”

“ಅವರು ಪಾಪ, ಹಸಿದು ಬಂದಿರ್ತಾರೆ.”

“ನಿಮ್ಮ ಮಗ ಯಾವುದಾದರೂ ಧಾರ್ಮಿಕ ಗುಂಪು ಸೇರಿದ್ದನಾ?”

ಹಜಾರಾ ಹೆಂಗಸನ್ನು ಕೇಳುವ ಪ್ರಶ್ನೆಯೇ ಇದು? ಆ ಗುಂಪುಗಳು ಹುಡುಕಿ ಹುಡುಕಿ ಕೊಂದದ್ದು ನಮ್ಮನ್ನು. ಪಟ್ಟಿಯ ಅರ್ಧ ಹೆಸರು ಅವರ ಕೈಗೆ ಸಿಕ್ಕಿ ಸತ್ತವು. ವಿವರಿಸಬಾರದು. ಪ್ರಶ್ನೆಯನ್ನು ಹಾಗೇ ದಾಟಿಸಿದೆ. ಖಾಲಾ, “ಅವನು ಕ್ರಿಕೆಟ್ ಆಡ್ತಿದ್ದ” ಅಂದಳು.

“ಈ ಪಟ್ಟಿ ಮಾಡು ಅಂತ ಯಾರು ಹೇಳಿದ್ದು?”

“ಸರ್ಕಾರ. ನನಗೆ ಫೋನ್ ಮಾಡಿತ್ತು.”

ನನ್ನ ನಾಲಗೆ ನಿಂತಿತು.

“ದುಭಾಷಿ, ಲೈನಿನಲ್ಲಿ ಇದ್ದೀರಾ?”

“ಇದ್ದೇನೆ” ಅಂದೆ. ಆಮೇಲೆ ಅಂದೆ: “ಸರ್ಕಾರ ನನಗೆ ಫೋನ್ ಮಾಡಿತ್ತು.”

ಕೀಲಿಮಣೆಯ ಸದ್ದು ಕೇಳಿಸಿತು. ಆ ಕರೆ ನನ್ನದು ಎಂದು ಹೇಳಲು ಆರು ಸೆಕೆಂಡು ಸಾಕಿತ್ತು. ಹೇಳಿದರೆ ನನ್ನ ಕೆಲಸ ಹೋಗುತ್ತಿತ್ತು. ಹೇಳಲಿಲ್ಲ, ಖಾಲಾ ಹೋದಳು.

ಗುರುವಾರ ನಾಲ್ಕು ಗಂಟೆಗೆ ಬಂದರು. ಆಂಬುಲೆನ್ಸಿನವರು ಇಬ್ಬರು, ಪೊಲೀಸರು ಇಬ್ಬರು, ನರ್ಸ್ ಒಬ್ಬಳು. ಖಾಲಾ ಒಲೆಯ ಮುಂದಿದ್ದಳು. ಪೊಲೀಸ್ ಮೊದಲು ಕೈ ಹಾಕಿದ್ದು ಒಲೆಯ ಗುಂಡಿಗೆ.

“ಇನ್ನೆರಡಿದೆ, ಕರಿದು ಬಂದ್ಬಿಡ್ತೀನಿ” ಅಂದಳು. ಅವರಿಗೆ ಅರ್ಥವಾಗಲಿಲ್ಲ. ಜಾಲರಿ ಹಿಡಿದ ಕೈಯನ್ನು ಮಣಿಕಟ್ಟಿನಲ್ಲಿ ಹಿಡಿದರು. ಹೆಬ್ಬೆರಳು ಮಡಚದ ಕೈ. ಅವಳು ಕಿರುಚಿದಳು. ಕಿರುಚಿದ್ದನ್ನು ಪ್ರತಿರೋಧ ಎಂದು ಬರೆದುಕೊಂಡರು. ತಲೆವಸ್ತ್ರ ಜಾರಿತು. ಎತ್ತಿ ಹೊದ್ದುಕೊಳ್ಳಲು ಕೈ ಬಿಡಲಿಲ್ಲ. ಇಷ್ಟು ವರ್ಷದಲ್ಲಿ ಬೀದಿಯ ಗಂಡಸರು ಅವಳ ಬಿಳಿ ಕೂದಲು ನೋಡಿದ್ದು ಅವತ್ತೇ.

ಅಮ್ಮ ಓಡಿಹೋಗಿ ತನ್ನ ವಸ್ತ್ರವನ್ನೇ ಅವಳ ತಲೆಗೆ ಎಸೆದಳು. ಉಳಿದವರು ಬಾಗಿಲು ಹಾಕಿಕೊಂಡರು. ಪಟ್ಟಿಗೆ ಹೆಸರು ಕೊಟ್ಟ ಹೆಂಗಸರೆಲ್ಲ. ಅವರ ಗಂಡಂದಿರು, ಪೊಲೀಸ್ ವಿಷಯ, ನಮ್ಮ ಹೆಸರು ಎಲ್ಲೂ ಬರಕೂಡದು ಅಂದಿದ್ದರು. ನಾನು ಕಿಟಕಿಯ ಹಿಂದಿದ್ದೆ. ಬೈಯುವ ಹಕ್ಕು ನನಗಿಲ್ಲ.

ಆಸ್ಪತ್ರೆಯ ಹಜಾರದ ಗೋಡೆಯ ಮೇಲೆ ‘ಎಲ್ಲ ಸಂಸ್ಕೃತಿಗಳಿಗೂ ಸ್ವಾಗತ’ ಎಂದು ಹದಿನೇಳು ಲಿಪಿಗಳಲ್ಲಿ ಬರೆದಿತ್ತು. ನಮ್ಮ ಲಿಪಿಯ ಅಕ್ಷರಗಳು ಒಂದಕ್ಕೊಂದು ಅಂಟಿಕೊಂಡಿರಬೇಕು. ಅವನ್ನು ಬಿಡಿಬಿಡಿ ಮಾಡಿ, ಹಿಂದುಮುಂದಾಗಿ ಅಚ್ಚು ಹಾಕಿದ್ದರು. ಅಲ್ಲೂ ಮೂಳೆ ಬಿಡಿಸುವ ಕೆಲಸವೇ ನಡೆದಿತ್ತು.

ನಮಾಜಿನಲ್ಲಿ ಹಣೆ ಇಡುವ ಮಣ್ಣಿನ ಬಿಲ್ಲೆಯನ್ನು ಅವಳಿಂದ ಕಿತ್ತುಕೊಂಡಿದ್ದರು. ನುಂಗಿಬಿಡಬಹುದಂತೆ. ಅವಳು ಟಿಶ್ಯೂ ಡಬ್ಬಿಯ ರಟ್ಟು ಹರಿದು ಅದರ ಮೇಲೆ ಹಣೆ ಇಡುತ್ತಿದ್ದಳು. ರಟ್ಟು ಬಚ್ಚಿಡುತ್ತಾಳೆ ಎಂದು ಕಡತದಲ್ಲಿ ಬರೆದರು. ಹಲಾಲ್ ಊಟ ಕೇಳಿದ್ದಕ್ಕೆ ಚೀಸ್ ಸ್ಯಾಂಡ್‌ವಿಚ್ ಕೊಟ್ಟರು. ಮೂರು ಹೊತ್ತು, ಹದಿನೆಂಟು ದಿನ. ಬಿಟ್ಟರೆ ಊಟ ನಿರಾಕರಿಸುತ್ತಾಳೆ ಎಂದು ಬರೆದರು. ಎರಡು ಸೂಜಿ ಚುಚ್ಚಿದರು, ತಿಂಗಳುಗಟ್ಟಲೆ ಮೈಯಲ್ಲಿ ಉಳಿಯುವ ಔಷಧಿ. ದವಡೆ ಬಿಗಿಯಿತು. ತುಟಿಯ ಮೂಲೆಯಿಂದ ಜೊಲ್ಲು. ಬಗ್ಗಿದರೆ ಏಳಲಾಗದು, ಎದ್ದರೆ ಬಗ್ಗಲಾಗದು. ಇವರು ಮನೋವೈದ್ಯರಲ್ಲ, ಮೌನವೈದ್ಯರು.

ನಾನು ಹತ್ತೊಂಬತ್ತನೇ ದಿನ ನೋಡಲು ಹೋದೆ.

“ಇಸ್ಹಾಕಾ, ಬಾಯಿ ನನ್ನ ಮಾತು ಕೇಳ್ತಿಲ್ಲ ಕಣೋ” ಅಂದಳು. ಪದಗಳು ಹಲ್ಲಿನ ಸಂದಿಯಿಂದ ತೆವಳಿ ಬಂದವು. “ಯಾಕೆ ಹಿಡಿದಿಟ್ಟಿದಾರೆ ಅಂತ ಯೋಚ್ನೆ ಮಾಡ್ದೆ. ಪಟ್ಟಿಯಲ್ಲಿ ಯಾವುದೋ ತಾರೀಕು ತಪ್ಪಾಗಿರ್ಬೇಕು. ನಿಮ್ಮಮ್ಮನ್ನ ಸರಿಯಾಗಿ ನೋಡಿ ಇನ್ನೊಂದು ಬರ್ದುಕೊಡಕ್ಕೆ ಹೇಳು. ಇವಾಜನ ಹೆಸ್ರು ಮೊದಲು ಇರ್ಲಿ.”

ಮನೆಗೆ ಬಂದು ಅಮ್ಮನ ಮುಂದೆ ಕೂತು ಎಲ್ಲ ಹೇಳಿದೆ. ಅಮ್ಮ ಬೈಯಲಿಲ್ಲ.

“ಆ ದನಿ ಮಾಡು” ಅಂದಳು.

ಮಾಡಿದೆ. ಕೊನೆಯವರೆಗೂ ಕೇಳಿದಳು.

“ಚೆನ್ನಾಗೇ ಮಾಡ್ತೀಯ. ನನಗೇ ಫೋನ್ ಮಾಡಿದ್ರೂ ನಂಬ್ತಿದ್ದೆ. ಈಗ ಇದನ್ನ ಅವರ ಮುಂದೆ ಮಾಡು.”

“ಕೆಲಸ ಹೋಗತ್ತಮ್ಮ.”

“ಹೋದ್ರೆ ಕೋಳಿ ಫ್ಯಾಕ್ಟರಿ ಇದೆಯಲ್ಲ. ಅವಳ ಜಾಗ ಖಾಲಿ ಇದೆ.”

ಇಪ್ಪತ್ತಾರನೇ ದಿನ ಇಂಥ ರೋಗಿಗಳ ವಿಚಾರಣೆ ಮಾಡುವ ಮಂಡಳಿ ಸೇರಿತು. ಆಸ್ಪತ್ರೆಯಲ್ಲೇ ಒಂದು ರೂಮು. ಒಂದು ಕಡೆ ಖಾಲಾ, ಅಮ್ಮ, ನಾನು. ಎದುರಿಗೆ ಮಂಡಳಿಯ ಮೂರು ಜನ. ನಡುವೆ ವಕೀಲಿಕೆ ಮಾಡಿದ ಹೆಂಗಸು, ಅಧ್ಯಕ್ಷೆ. ಅವತ್ತು ತೀರ್ಮಾನವಾಗಬೇಕಿದ್ದುದು ಒಂದೇ: ಇನ್ನೂ ಆರು ತಿಂಗಳು ಖಾಲಾ ಒಪ್ಪಲಿ ಬಿಡಲಿ ಸೂಜಿ ಹಾಕಬಹುದೋ ಇಲ್ಲವೋ. ಮೇಜಿನ ಮೇಲೆ ಫೋನು. ಫೋನಿನಲ್ಲಿ ದುಭಾಷಿ. ಅವಳು ಬಾಯಿ ತೆರೆದ ಕೂಡಲೇ ಗುರುತು ಸಿಕ್ಕಿತು. ಇರಾನಿನವಳು, ನಾನು ವರ್ಷಗಟ್ಟಲೆ ಅಣಕಿಸಿದ ಅದೇ ಪುಸ್ತಕದ ದನಿ.

ಕಡತ ನೂರಾ ಹನ್ನೆರಡು ಪುಟ. ನಾನು ಆಮೇಲೆ ಓದಿದೆ. ‘ಧರ್ಮ: ಮುಸ್ಲಿಂ’ ಹದಿನೇಳು ಸಲ ಇದೆ. ‘ಮಗ, ಮೃತ’ ಒಂದು ಸಲ. ಇವಾಜ್ ಎಂಬ ಹೆಸರು ಆ ಪಟ್ಟಿಯಲ್ಲಿ ಬಿಟ್ಟರೆ ಎಲ್ಲೂ ಇಲ್ಲ.

ಡಾಕ್ಟರ್ ವಿನ್‌ಫೀಲ್ಡ್ ಓದಿದರು. ಕೆಟ್ಟ ಮನುಷ್ಯನಲ್ಲ. ತಗ್ಗಿದ ದನಿ, ಒಗೆದ ಸ್ವೆಟರ್. ಅದೇ ನನಗೆ ಹೆಚ್ಚು ಸಿಟ್ಟು ತರಿಸಿತು. “ನಲವತ್ಮೂರು ಜನ ಸತ್ತವರ ಜೊತೆ ಸಂಪರ್ಕ ಇದೆ ಅಂತ ನಂಬಿದಾರೆ. ಅದನ್ನ ಸರ್ಕಾರ ಫೋನ್ ಮಾಡಿ ಕೇಳಿತು ಅಂತಾನೂ ನಂಬಿದಾರೆ. ನಾವು ಅವರ ಸಂಸ್ಕೃತಿಯನ್ನ ಗೌರವಿಸ್ತೀವಿ. ಆದ್ರೆ ಸರ್ಕಾರದ ಕರೆ ಯಾವ ಸಂಸ್ಕೃತಿಯದೂ ಅಲ್ಲ. ಸತ್ತವರು ಬರೋದಿಲ್ಲ ಅಂತ ಅವರು ಒಪ್ಪೋ ಹಂತಕ್ಕೆ ಬಂದ್ರೆ ನಾವು ಸೂಜಿ ನಿಲ್ಲಿಸೋ ಬಗ್ಗೆ ಯೋಚಿಸಬಹುದು.”

ಫೋನು ಹೇಳಿತು: “ಮೃತರು ಆಗಮಿಸುವುದಿಲ್ಲವೆಂದು ತಾವು ಒಪ್ಪುವಿರಾ, ಮಾತೆಯವರೇ?”

ಹೂಂ ಅನ್ನು ಖಾಲಾ, ಎಂದು ನನ್ನ ಎದೆ ಹೇಳಿತು. ಒಂದು ಹೂಂ ಅಂದರೆ ಬಾಗಿಲು ತೆರೆಯುತ್ತದೆ.

“ಇಲ್ಲ” ಅಂದಳು.

ದವಡೆಯನ್ನು ಎಡಗೈಯಿಂದ ಹಿಡಿದುಕೊಂಡು, ಒಂದೊಂದೇ ಮಾತು ಎತ್ತಿ ಇಟ್ಟಳು.

“ಹದಿನಾಲ್ಕು ವರ್ಷ ನಿಮಗೆ ಕೋಳಿ ಮೂಳೆ ಬಿಡಿಸ್ದೆ. ನನ್ನ ಮಗನ ಒಂದು ಮೂಳೆ ನನಗೆ ಸಿಗ್ಲಿಲ್ಲ. ಅವನಿಗೆ ಗೋರಿ ಇಲ್ಲ. ವಾರಕ್ಕೊಂದು ಗಂಟೆ ಎಣ್ಣೆ ಕಾಯಿಸ್ತೀನಿ. ನಿದ್ದೆ ಇಲ್ಲ ಅಂತ ನಿಮ್ಮ ಹತ್ರ ಬಂದೆ. ಅಳು ನಿಲ್ತಿಲ್ಲ ಅಂತ ಬಂದೆ. ಯಾಕಮ್ಮ ಅಳ್ತೀಯ ಅಂತ ಒಬ್ರೂ ಕೇಳ್ಲಿಲ್ಲ. ಸೂಜಿ ಹಾಕ್ತೀರಾ, ಹಾಕಿ. ಕೈ ಇಲ್ಲಿದೆ. ಬರಲ್ಲ ಅಂತ ಮಾತ್ರ ನನ್ನ ಬಾಯಲ್ಲಿ ಹೇಳಿಸ್ಬೇಡಿ. ಅವನನ್ನ ಒಂದು ಸಲ ಮುಳುಗಿಸಿದ್ದು ನಿಮ್ಮ ಕಾಗದ. ಎರಡನೇ ಸಲ ನನ್ನ ನಾಲಗೆಯಲ್ಲಿ ಮುಳುಗಿಸ್ತೀರಾ?”

ಫೋನು ಅಷ್ಟನ್ನೂ ಇಂಗ್ಲಿಷಿಗೆ ತಂದಿತು. ಕೊನೆಯಲ್ಲಿ ಆ ದನಿ ಸ್ವಲ್ಪ ಒಡೆಯಿತು. ಡಾಕ್ಟರು ತಲೆಯಾಡಿಸಿದರು, ನೋಡಿ ನಾನು ಹೇಳಿದೆನಲ್ಲ ಎಂಬಂತೆ.

ನಾನು ಎದ್ದು ನಿಂತೆ. ಹೆಸರು ಹೇಳಿದೆ, ನಂಬರು ಅಲ್ಲ. “ಸರ್ಕಾರದ ಹೆಸರಲ್ಲಿ ಆ ಕರೆ ಮಾಡಿದ್ದು ನಾನು. ತಮಾಷೆಗೆ. ಮಾರನೇ ದಿನ ಇವರನ್ನ ಪರೀಕ್ಷೆ ಮಾಡಿದಾಗ ದುಭಾಷಿಯಾಗಿದ್ದೋನೂ ನಾನೇ. ಗೊತ್ತಿದ್ದೂ ಬಾಯಿ ಮುಚ್ಚಿಕೊಂಡೆ. ಈಕೆ ಹೇಳಿದ್ದರಲ್ಲಿ ಒಂದಕ್ಷರ ಹುಚ್ಚಿಲ್ಲ.”

ನನ್ನ ಇಂಗ್ಲಿಷನ್ನು ಫೋನು ಖಾಲಾಗೆ ದಾಟಿಸುವ ಮೊದಲೇ ಅಮ್ಮನೂ ಎದ್ದಳು. ಅವಳ ಮಾತನ್ನು ಫೋನು ದಾಟಿಸಿತು. “ಆ ಪಟ್ಟಿ ನನ್ನ ಕೈಬರಹ. ಅದರಲ್ಲಿ ಒಂಬತ್ತು ಜನ ನನ್ನವರು, ನನ್ನ ಗಂಡನೂ ಇದಾನೆ. ಪ್ರತಿ ಗುರುವಾರ ಬರ್ತಾರೆ. ನನಗೂ ಒಂದು ಹಾಸಿಗೆ ಹಾಕಿ. ನಮ್ಮ ಬೀದಿಗೆ ಹನ್ನೊಂದು ಹಾಸಿಗೆ ಬೇಕಾಗತ್ತೆ, ಈಗಲೇ ಹೇಳಿರ್ತೀನಿ.”

ಅಧ್ಯಕ್ಷೆ ನನ್ನನ್ನೇ ನೋಡಿದರು. “ಸಂಬಂಧಿಕರನ್ನ ಬಿಡಿಸೋಕೆ ಜನ ಏನು ಬೇಕಾದರೂ ಹೇಳ್ತಾರೆ. ಆ ಕರೆ ನೀವೇ ಮಾಡಿದ್ದು ಅನ್ನೋದಕ್ಕೆ ಏನು ಸಾಕ್ಷಿ?”

ಮುಂದಿನ ಫಲಿತಾಂಶವನ್ನು ಇಲ್ಲೇ ಹೇಳಿಬಿಡುತ್ತೇನೆ. ಇಲ್ಲದಿದ್ದರೆ ನೀವು ಅದರ ಚಿಂತೆಯಲ್ಲಿ ಉಳಿದದ್ದನ್ನು ಸರಿಯಾಗಿ ಕೇಳಿಸಿಕೊಳ್ಳುವುದಿಲ್ಲ. ಅವತ್ತು ಮಧ್ಯಾಹ್ನ ಸೂಜಿಯ ಆದೇಶ ರದ್ದಾಯಿತು. ಖಾಲಾ ಮನೆಗೆ ಬಂದಳು. ಕ್ಷಮೆ ಯಾರೂ ಕೇಳಲಿಲ್ಲ. ಆ ಔಷಧಿ ಮೈಯಿಂದ ಇಳಿಯಲು ಚಳಿಗಾಲ ಮುಗಿಯಬೇಕಾಯಿತು. ನನ್ನ ಪರವಾನಗಿ ಹೋಯಿತು. ಹೋಗಬೇಕಾದ್ದೇ. ಡಾಕ್ಟರ ಪರವಾನಗಿ ಇದೆ.

ಸಾಕ್ಷಿ ಕೇಳಿದರಲ್ಲ. ಮೂಗು ಬಿಗಿಮಾಡಿ ಅಧಿಕಾರಿಯ ದನಿ ತೆಗೆದೆ, ಇಂಗ್ಲಿಷಿನಲ್ಲಿ, ಅವತ್ತಿನ ಹಾಗೇ. ಫೋನಿನಲ್ಲಿದ್ದವಳು ನಿಯಮ ಪಾಲಿಸುವವಳು. ಸೇರಿಸಲಿಲ್ಲ, ಬಿಡಲಿಲ್ಲ, ಹಾಗೇ ದಾಟಿಸಿದಳು.

“ಗೌರವಾನ್ವಿತ ಮಾತೆಯವರೇ, ಗುರುವಾರದಂದು ತಮ್ಮ ಗೃಹಕ್ಕೆ ಆಗಮಿಸುವ ಮೃತ ಬಂಧುಗಳ ನಾಮಧೇಯ, ಸಂಬಂಧ, ನಿರ್ಗಮಿಸಿದ ದಿನಾಂಕ ಹಾಗೂ ಪ್ರಿಯವಾದ ಖಾದ್ಯವನ್ನು ತಿಳಿಸತಕ್ಕದ್ದು.”

ಖಾಲಾ ನೆಟ್ಟಗೆ ಕೂತಳು. ಇಪ್ಪತ್ತಾರು ದಿನ ಸತ್ತಿದ್ದ ಕಣ್ಣು ಬೆಳಗಿತು. ಫೋನಿನ ಕಡೆ ಬಾಗಿ, “ಬರ್ಕೋಮ್ಮ, ಇವಾಜ್” ಎಂದು ಶುರುಮಾಡಿದಳು.

ನಾನು ಹೆದರಿದ್ದುದು ಇದಕ್ಕೇ. ಅವಳನ್ನು ಬಿಡಿಸಬೇಕಾದರೆ ಅವಳ ಹತ್ತಿರ ಉಳಿದಿದ್ದ ಒಂದೇ ಒಂದನ್ನು ನಾನು ಕಿತ್ತುಕೊಳ್ಳಬೇಕಿತ್ತು. ಈ ದೇಶ ಒಂದು ಸಲ, ಒಂದೇ ಒಂದು ಸಲ, ಅವಳ ಮಗನ ಹೆಸರು ಕೇಳಿತ್ತು ಎಂಬುದು.

ಇರಾನಿನ ಹೆಂಗಸಿನ ದನಿಯಲ್ಲಿ, ಅವಳ ಮುಖಕ್ಕೆ ಮುಖ ಕೊಟ್ಟು ಅಂದೆ: “ಕ್ಷಮಿಸಬೇಕು ಮಾತೆಯವರೇ. ಆ ದಿನ ಕೇಳಿದವನು ನಾನು.”

ಅವಳು ಫೋನನ್ನು ನೋಡಿದಳು. ನನ್ನ ಬಾಯನ್ನು ನೋಡಿದಳು.

“ನೀನಾ?”

“ನಾನೇ, ಖಾಲಾ.”

“ಆ ಇರಾನಿನವಳು?”

“ನಾನೇ.”

“ಸರ್ಕಾರ?”

“ಸರ್ಕಾರವೂ ನಾನೇ.”

ಅಮ್ಮ ಅವಳ ಹೆಗಲ ಮೇಲೆ ಕೈಯಿಟ್ಟಳು. ಖಾಲಾ ಆ ಕೈಯನ್ನು ಪಕ್ಕಕ್ಕೆ ಸರಿಸಿದಳು.

“ನನಗೆ ಅವತ್ತೇ ಅನುಮಾನ ಬಂದಿತ್ತು ಕಣೋ” ಅಂದಳು. “ಇವರು ಯಾವತ್ತು ಅಷ್ಟು ಮರ್ಯಾದೆಯಾಗಿ ಕೇಳಿದಾರೆ ಅಂತ.”

ಫೋನು ಅದನ್ನೂ ದಾಟಿಸಿತು. ಮಂಡಳಿಯ ಮೂವರೂ ಮೇಜು ನೋಡಿದರು. ದಾಟಿಸಿದವಳು ತಡೆಯಲಾಗದೆ ಫೋನಿನಲ್ಲೇ ಕಿಸಕ್ಕೆಂದಳು. ಅದು ನಿಯಮದಲ್ಲಿಲ್ಲ. ಅಮ್ಮ ವಸ್ತ್ರದ ತುದಿಯನ್ನು ಬಾಯಿಗೆ ಒತ್ತಿಕೊಂಡಳು, ಆಗಲಿಲ್ಲ, ನಕ್ಕಳು. ಖಾಲಾಳ ನಗು ತಡವಾಗಿ ಬಂತು. ಹೊಟ್ಟೆಯಲ್ಲಿ ಹುಟ್ಟಿ, ಭುಜ ಕುಲುಕಿಸಿ, ಬಿಗಿದ ದವಡೆಗೆ ಬಂದು ಬಡಿಯಿತು. ದವಡೆ ಲಟಕ್ ಎಂದಿತು. ಅವಳು ಎರಡೂ ಕೈಯಲ್ಲಿ ಗಲ್ಲ ಹಿಡಿದುಕೊಂಡು ನಕ್ಕಳು. ಜೊಲ್ಲು ಸುರಿಯಿತು, ಒರೆಸಿಕೊಳ್ಳಲಿಲ್ಲ. ಮೇಜಿಗೆ ಅಂಗೈ ಬಡಿದು ನಕ್ಕಳು. ನಮ್ಮೆಲ್ಲರ ನಗು ಅದರ ಕೆಳಗೆ ಮುಚ್ಚಿಹೋಯಿತು. ಹೊರಗಿನ ಹಜಾರದಲ್ಲಿ ಯಾರೋ ಬಾಗಿಲು ತೆರೆದು ನೋಡಿದರು.

ಡಾಕ್ಟರ್ ವಿನ್‌ಫೀಲ್ಡ್ ಪೆನ್ನು ತೆಗೆದು ಏನೋ ಬರೆದುಕೊಳ್ಳಲು ಶುರುಮಾಡಿದರು. ಖಾಲಾ ಅದನ್ನು ನೋಡಿದಳು. ಇನ್ನೂ ಜೋರಾಗಿ ನಕ್ಕಳು.